ಘನಾಕೃತಿಯ ವ್ಯಾಕರಣ

ಹರಿಹರದ ಹರಿಹರೇಶ್ವರ ದೇವಾಲಯದ ಮಂಟಪದಲ್ಲಿ ನಿಂತು ಅಲ್ಲಿನ ಕಂಬಗಳನ್ನು ಸಾವಧಾನವಾಗಿ ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಕಂಬದ ನಡುಭಾಗದಲ್ಲಿ ಎಲ್ಲಿಯೋ ಗಂಟೆಯಂಥ ಉಬ್ಬು, ಎಲ್ಲಿಯೋ ಬಳೆಯಂಥ ಏರು, ಮತ್ತೆಲ್ಲಿಯೋ ಕೊರಳಿನಂಥ ತಗ್ಗು. ಆದರೆ ಆ ಭಾಗವನ್ನು ಯಾವ ಎತ್ತರದಲ್ಲಿ ಅಡ್ಡಲಾಗಿ ಛೇದಿಸಿದರೂ ದೊರೆಯುವುದು ವೃತ್ತವೇ. ಹೊಯ್ಸಳ ದೊರೆ ಇಮ್ಮಡಿ ವೀರನರಸಿಂಹನ ದಂಡನಾಯಕನಾಗಿದ್ದ ಪೋಲಾಳ್ವನು ಕ್ರಿ.ಶ. 1224ರಲ್ಲಿ ಕಟ್ಟಿಸಿದ ಈ ಗುಡಿಯ ಶಿಲ್ಪಿಯು ಒಂದು ಡೊಂಕುಗೆರೆಯನ್ನು ಮೊದಲು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು, ಅದನ್ನು ಒಂದು ಅಕ್ಷದ ಸುತ್ತ ತಿರುಗಿಸಿದಾಗ ಉಂಟಾಗುವ ರೂಪವನ್ನು ಕಲ್ಲಿನಲ್ಲಿ ತೆಗೆದಿದ್ದಾನೆ. ಗೆರೆ ಒಂದು, ಅಕ್ಷ ಒಂದು, ತಿರುಗುವಿಕೆ ಒಂದು: ಈ ಮೂರರಿಂದ ಕಂಬ ಸಿದ್ಧವಾಯಿತು.

ಅದೇ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಗೊಂಡು, ಲೇತ್ ಯಂತ್ರಗಳನ್ನು ತಯಾರಿಸಿ ದೇಶದ ನಾನಾ ಭಾಗಗಳಿಗೆ ಕಳುಹಿಸಿತೆಂಬುದು ಈ ಸೀಮೆಯವರೆಲ್ಲರೂ ಬಲ್ಲ ವಿಷಯ. ಲೇತ್ ಎಂದರೆ ತಿರುಗುವ ಲೋಹದ ಮೇಲೆ ಉಳಿಯನ್ನು ಹಿಡಿದು ರೂಪ ತೆಗೆಯುವ ಯಂತ್ರ. ತತ್ತ್ವ ಅದೇ. ಇಂದು ಗಣಕಯಂತ್ರದ ತೆರೆಯ ಮೇಲೆ ವಿದ್ಯಾರ್ಥಿಯೊಬ್ಬನು ಅರ್ಧ ಕಂಬದ ಅಂಚುಗೆರೆಯನ್ನು ಬರೆದು, ಒಂದು ಅಕ್ಷವನ್ನು ತೋರಿಸಿ, 360 ಅಂಶ ತಿರುಗಿಸೆಂದು ಆಜ್ಞಾಪಿಸಿದರೆ ಕಂಬ ಎದ್ದು ನಿಲ್ಲುತ್ತದೆ. ತತ್ತ್ವ ಮತ್ತೂ ಅದೇ. ಗಣಕದ ಸಹಾಯದಿಂದ ಘನಾಕೃತಿಗಳನ್ನು ರಚಿಸುವ ಈ ವಿದ್ಯೆಯ ಪ್ರಥಮ ಪಾಠಗಳನ್ನು ನಮ್ಮ ಉಪಾಧ್ಯಾಯ ಬಂಧುಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಪೋಷಕ ಮಹನೀಯರಿಗೂ ಯಥಾಮತಿ ನಿವೇದಿಸುವುದು ಪ್ರಕೃತ ಲೇಖನದ ಉದ್ದೇಶ.

ಪಂಡಿತನಿಗೇಕೆ ಈ ಉಸಾಬರಿ?

ವಿದ್ವತ್ ಪರೀಕ್ಷೆಗಾಗಿ ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಓದಿದವನಿಗೆ ಇದರಲ್ಲೇನು ಕೆಲಸವೆಂದು ವಾಚಕರು ಕೇಳಬಹುದು, ಪ್ರಶ್ನೆ ನ್ಯಾಯವಾದುದೇ. ಪ್ರೌಢಶಾಲೆಯ ಮಕ್ಕಳಿಗೆ ಈ ವಿದ್ಯೆಯನ್ನು ಪರಿಚಯಿಸುವ ತರಗತಿಗಳು ಆರಂಭವಾದಾಗ, ಆಜ್ಞೆಗಳ ಹೆಸರೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಮಕ್ಕಳು ಗುಂಡಿಯನ್ನು ಒತ್ತುತ್ತಾರೆಯೇ ಹೊರತು ಏನು ಮಾಡುತ್ತಿದ್ದೇವೆಂದು ಅರಿಯುವುದಿಲ್ಲವೆಂದು ಗಣಿತದ ಉಪಾಧ್ಯಾಯರು ಬಂದು ಹೇಳಿ, ನೂರು ಪದಗಳ ಒಂದು ಕನ್ನಡ ಪದಕೋಶವನ್ನು ಮಾಡಿಕೊಡಬೇಕೆಂದು ನನ್ನನ್ನು ಕೇಳಿದರು. ನಾನು ಒಪ್ಪಿ, ನಿಘಂಟನ್ನು ಮುಂದಿಟ್ಟುಕೊಂಡು ಒಂದೇ ರಾತ್ರಿಯಲ್ಲಿ ಇಪ್ಪತ್ತು ಪದ ಕಟ್ಟಿದೆ. ಎಕ್ಸ್‌ಟ್ರೂಡ್ ಎಂಬುದಕ್ಕೆ ‘ಬಹಿರ್ನಿಸ್ಸಾರಣ’ ಎಂದು ಬರೆದೆ. ಮರುದಿನ ತರಗತಿಯಲ್ಲಿ ಓದಿದಾಗ ಮಕ್ಕಳು ಮುಖ ಮುಖ ನೋಡಿಕೊಂಡರು. ಹಿಂದಿನ ಬೆಂಚಿನ ಒಬ್ಬ ಬಾಲಕಿ ಮಾತ್ರ, “ಇದು ಶ್ಯಾವಿಗೆ ಒತ್ತಿದ ಹಾಗೆ ಅಲ್ಲವೇ ಸಾರ್?” ಎಂದಳು. ಆಕೆ ಆ ಕ್ರಿಯೆಯನ್ನು ಕಂಡಿದ್ದಳು, ನಾನು ಕಂಡಿರಲಿಲ್ಲ. ವಸ್ತುವನ್ನು ಅರಿಯದೆ ಪದ ಕಟ್ಟುವುದು ಅರ್ಥವಿಲ್ಲದ ಶಬ್ದಾಡಂಬರವೆಂದು ನಾಚಿ, ಬೇಸಿಗೆಯ ರಜೆಯಲ್ಲಿ ಗಣಕದ ಮುಂದೆ ಕುಳಿತು ಮೊದಲಿನಿಂದ ಕಲಿತೆ. ಆಗ ನನಗೆ ಐವತ್ತು ದಾಟಿತ್ತು.

ಚಿತ್ರವಲ್ಲ, ಘನ

ಮೊದಲು ಒಂದು ಭೇದವನ್ನು ಗ್ರಹಿಸಬೇಕು. ಕಾಗದದ ಮೇಲೆ ಪೆಟ್ಟಿಗೆಯ ಚಿತ್ರ ಬರೆದರೆ ಅದು ಗೆರೆಗಳ ಸಮೂಹ ಮಾತ್ರ; ಅದರ ಒಳಗು ಯಾವುದು, ಹೊರಗು ಯಾವುದು ಎಂಬುದನ್ನು ನೋಡುವವನ ಬುದ್ಧಿಯೇ ಊಹಿಸಬೇಕು. ಗಣಕದ ಘನಾಕೃತಿಯಾದರೋ ತನ್ನ ಒಳಗು ಹೊರಗುಗಳನ್ನು ತಾನೇ ಬಲ್ಲುದು. ಆಕಾಶದಲ್ಲಿ ಯಾವ ಬಿಂದುವನ್ನು ತೋರಿಸಿದರೂ ಅದು ವಸ್ತುವಿನ ಒಳಗಿದೆಯೋ, ಹೊರಗಿದೆಯೋ, ಮೇಲ್ಮೈಯಲ್ಲಿದೆಯೋ ಎಂದು ಅದು ಹೇಳಬಲ್ಲುದು. ಆದ್ದರಿಂದಲೇ ಅದರ ಘನಫಲ, ತೂಕ, ಗುರುತ್ವಕೇಂದ್ರಗಳನ್ನು ವಸ್ತುವು ಹುಟ್ಟುವ ಮುನ್ನವೇ ಲೆಕ್ಕ ಮಾಡಬಹುದು.

ಈ ವಿದ್ಯೆಯ ಚರಿತ್ರೆ ದೀರ್ಘವಲ್ಲ. ಅಮೆರಿಕದ ಐವನ್ ಸದರ್ಲೆಂಡ್ ಎಂಬ ವಿದ್ವಾಂಸರು 1963ರಲ್ಲಿ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯನ್ನು ನಿರ್ಮಿಸಿ, ತೆರೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆದು, ಆ ಗೆರೆಗಳಿಗೆ ನಿಬಂಧನೆ ಹಾಕಬಹುದೆಂದು ತೋರಿಸಿದರು. 1970ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಇಯಾನ್ ಬ್ರೇಡ್ ಅವರೂ, ಅಮೆರಿಕದ ರೋಚೆಸ್ಟರಿನಲ್ಲಿ ವೋಲ್ಕರ್ ಮತ್ತು ರೆಕಿಶಾ ಅವರೂ ಘನಾಕೃತಿಯನ್ನು ಗಣಕದಲ್ಲಿ ಹಿಡಿದಿಡುವ ಎರಡು ಮಾರ್ಗಗಳನ್ನು ಬೆಳೆಸಿದರು. ಮೊದಲನೆಯ ಮಾರ್ಗವು ವಸ್ತುವನ್ನು ಅದರ ಮುಖ, ಅಂಚು, ಮೂಲೆಗಳ ಮೂಲಕ ವರ್ಣಿಸುತ್ತದೆ. ಎರಡನೆಯದು ಸರಳ ಘನಗಳ ಕೂಡು-ಕಳೆಗಳ ಮೂಲಕ ವರ್ಣಿಸುತ್ತದೆ. 1988ರಲ್ಲಿ ಹೊರಬಂದ ಪ್ರೋ-ಇಂಜಿನಿಯರ್ ಎಂಬ ತಂತ್ರಾಂಶವು ಅಳತೆಯೊಂದನ್ನು ಬದಲಿಸಿದರೆ ಇಡೀ ವಸ್ತುವೇ ತನ್ನನ್ನು ಮರುರಚಿಸಿಕೊಳ್ಳುವ ಪದ್ಧತಿಯನ್ನು ಉದ್ಯಮಗಳಲ್ಲಿ ನೆಲೆಗೊಳಿಸಿತು. ನಮ್ಮ ಮಕ್ಕಳು ಬಳಸುವ ಫ್ರೀಕ್ಯಾಡ್ 2002ರಲ್ಲಿ ಮೊದಲು ಪ್ರಕಟವಾದುದು. ಅದಕ್ಕೆ ಬೆಲೆ ಕೊಡಬೇಕಾಗಿಲ್ಲವೆಂಬುದು ನಮ್ಮಂಥ ಶಾಲೆಗಳಿಗೆ ದೊಡ್ಡ ಅನುಕೂಲ.

ಮುಖ, ಅಂಚು, ಮೂಲೆಗಳ ಲೆಕ್ಕಕ್ಕೂ ಒಂದು ಸೂತ್ರವುಂಟು. ಘನಚೌಕಕ್ಕೆ ಮೂಲೆ 8, ಅಂಚು 12, ಮುಖ 6. ಮೂಲೆಯಿಂದ ಅಂಚನ್ನು ಕಳೆದು ಮುಖವನ್ನು ಕೂಡಿದರೆ 2. ತ್ರಿಕೋನ ಪಟ್ಟಕಕ್ಕೆ ಮೂಲೆ 6, ಅಂಚು 9, ಮುಖ 5. ಫಲ ಮತ್ತೂ 2. ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರನು ಕಂಡ ಈ ಸೂತ್ರವನ್ನು ರಂಧ್ರವಿರುವ ವಸ್ತುಗಳಿಗೂ ಹೊಂದುವಂತೆ ವಿಸ್ತರಿಸಿ, ತನ್ನೊಳಗಿರುವ ಆಕೃತಿ ನಿಜವಾಗಿಯೂ ಮುಚ್ಚಿದ ಘನವೇ ಎಂದು ಪರೀಕ್ಷಿಸಲು ಇಂಥ ತಂತ್ರಾಂಶಗಳು ಬಳಸಿಕೊಂಡಿವೆ.

ರೇಖಾಕೃತಿ ಮತ್ತು ನಿಬಂಧನೆ

ಘನರಚನೆಯ ಪ್ರಥಮ ಸೋಪಾನ ಸಮತಲದ ಮೇಲಿನ ರೇಖಾಕೃತಿ. ಇದನ್ನು ಸ್ಕೆಚ್ ಎನ್ನುತ್ತಾರೆ. ಇಲ್ಲಿ ಗೆರೆ ಎಳೆಯುವುದಕ್ಕಿಂತಲೂ ಆ ಗೆರೆಗೆ ನಿಬಂಧನೆ ಹಾಕುವುದೇ ಮುಖ್ಯ.

ಒಂದು ಆಯತವನ್ನು ತೆಗೆದುಕೊಳ್ಳೋಣ. ನಾಲ್ಕು ಬಿಡಿಗೆರೆಗಳನ್ನು ಎಳೆದಿದ್ದೇವೆ. ಒಂದೊಂದು ಗೆರೆಗೂ ಎರಡು ತುದಿ; ಒಂದೊಂದು ತುದಿಗೂ ಅಡ್ಡಕ್ಕೊಂದು, ಉದ್ದಕ್ಕೊಂದು ಎಂದು ಎರಡು ಚಲನೆ. ಒಟ್ಟು 16 ಬಗೆಯ ಸ್ವಾತಂತ್ರ್ಯ. ನಾಲ್ಕು ಮೂಲೆಗಳಲ್ಲಿ ತುದಿಗೆ ತುದಿಯನ್ನು ಕೂಡಿಸಿದರೆ ಮೂಲೆಗೆ ಎರಡರಂತೆ 8 ಕಳೆದು 8 ಉಳಿಯಿತು. ಎರಡು ಗೆರೆ ಅಡ್ಡ, ಎರಡು ಗೆರೆ ಲಂಬವೆಂದು ವಿಧಿಸಿದರೆ ಮತ್ತೆ 4 ಕಳೆಯಿತು. ಒಂದು ಮೂಲೆಯನ್ನು ಮೂಲಬಿಂದುವಿನಲ್ಲಿ ನಿಲ್ಲಿಸಿದರೆ 2 ಹೋಗಿ, ಉಳಿದ 2 ಉದ್ದ ಮತ್ತು ಅಗಲ. ಅವೆರಡಕ್ಕೂ ಅಳತೆಯನ್ನು ಕೊಟ್ಟೊಡನೆ ಆಕೃತಿ ಅಲುಗಾಡದೆ ನಿಲ್ಲುತ್ತದೆ. ಫ್ರೀಕ್ಯಾಡ್‌ನಲ್ಲಿ ಗೆರೆಗಳು ಹಸಿರಾಗಿ ಇದನ್ನು ಸೂಚಿಸುತ್ತವೆ.

ಅಲಂಕಾರಶಾಸ್ತ್ರವನ್ನು ಓದಿದವರಿಗೆ ಇಲ್ಲಿಯ ದೋಷಗಳು ಹಳೆಯ ಪರಿಚಿತರಂತೆ ಕಾಣುತ್ತವೆ. ನಿಬಂಧನೆ ಸಾಲದೆ ಹೋದರೆ ಸಂದಿಗ್ಧತೆ. ಆಕೃತಿಗೆ ಹಲವು ಅರ್ಥಗಳಾಗುತ್ತವೆ. ಹೇಳಿದ್ದನ್ನೇ ಮತ್ತೊಂದು ಬಗೆಯಲ್ಲಿ ಹೇಳಿದರೆ ಪುನರುಕ್ತಿ. ಗಣಕವು ಅದನ್ನು ಎತ್ತಿ ತೋರಿಸುತ್ತದೆ. ಒಂದಕ್ಕೊಂದು ಹೊಂದದ ಎರಡು ಅಳತೆಗಳನ್ನು ಕೊಟ್ಟರೆ ವಿರೋಧ. ಅಲ್ಲಿ ಕೆಲಸವೇ ನಿಲ್ಲುತ್ತದೆ. ರಂಧ್ರವು ತಟ್ಟೆಯ ಮಧ್ಯದಲ್ಲಿದೆ ಎಂದು ಕಣ್ಣಳತೆಯಿಂದ ಇಡುವುದು ಬೇರೆ. ಅದು ಮಧ್ಯದಲ್ಲಿಯೇ ಇರಬೇಕು ಎಂದು ವಿಧಿಸುವುದು ಬೇರೆ. ತಟ್ಟೆಯ ಅಗಲವನ್ನು ನಾಳೆ ಬದಲಿಸಿದರೆ ಮೊದಲನೆಯ ರಂಧ್ರ ಇದ್ದಲ್ಲೇ ಉಳಿದು ಓರೆಯಾಗುತ್ತದೆ. ಎರಡನೆಯದು ತಾನಾಗಿ ಮಧ್ಯಕ್ಕೆ ಸರಿಯುತ್ತದೆ. ರಚಿಸುವವನ ಅಭಿಪ್ರಾಯವನ್ನು ಆಕೃತಿಯೊಳಗೆ ಬರೆದಿಡುವುದೆಂದರೆ ಇದೇ.

ನಾಲ್ಕು ಮೂಲಕ್ರಿಯೆಗಳು

ರೇಖಾಕೃತಿಯಿಂದ ಘನವನ್ನು ಪಡೆಯುವ ಮಾರ್ಗಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಎಕ್ಸ್‌ಟ್ರೂಡ್. ಶ್ಯಾವಿಗೆಯ ಒರಳಿನ ಬಿಲ್ಲೆಯಲ್ಲಿ ದುಂಡು ರಂಧ್ರವಿದ್ದರೆ ದುಂಡು ಎಳೆ, ಚಪ್ಪಟೆ ರಂಧ್ರವಿದ್ದರೆ ಚಪ್ಪಟೆ ಎಳೆ ಬರುತ್ತದೆಯಷ್ಟೆ? ಹಾಗೆಯೇ ಸಮತಲದ ಆಕೃತಿಯನ್ನು ನೇರವಾಗಿ ಮುಂದಕ್ಕೆ ಚಾಚಿದರೆ ಅದೇ ಅಡ್ಡಕೊಯ್ತವುಳ್ಳ ಘನ ದೊರೆಯುತ್ತದೆ. ಆಯತದಿಂದ ಇಟ್ಟಿಗೆ, ವೃತ್ತದಿಂದ ಉರುಳೆ. ನನ್ನ ಪದಕೋಶದಲ್ಲಿ ಈಗ ಇದು ‘ಒತ್ತು’ ಎಂದಿದೆ, ‘ಬಹಿರ್ನಿಸ್ಸಾರಣ’ವನ್ನು ಹೊಡೆದುಹಾಕಿದ್ದೇನೆ.

ಎರಡನೆಯದು ರಿವಾಲ್ವ್, ಎಂದರೆ ಆವರ್ತನ. ಹರಿಹರೇಶ್ವರನ ಗುಡಿಯ ಕಂಬ, ಕುಂಬಾರನ ಮಡಕೆ, ಮನೆಯ ತಂಬಿಗೆ, ಇವೆಲ್ಲವೂ ಆವರ್ತನದ ಸಂತಾನ. ಇಲ್ಲಿ ಎಚ್ಚರಿಕೆ ಒಂದೇ: ತಿರುಗುವ ಆಕೃತಿಯು ಅಕ್ಷವನ್ನು ಮುಟ್ಟಬಹುದು, ದಾಟಬಾರದು. ದಾಟಿದರೆ ವಸ್ತುವು ತನ್ನೊಳಗೆ ತಾನೇ ಹೊಕ್ಕು ಅಸಂಬದ್ಧವಾಗುತ್ತದೆ.

ಮೂರನೆಯದು ಸ್ವೀಪ್, ಎಂದರೆ ಆಕೃತಿಯೊಂದನ್ನು ಒಂದು ಹಾದಿಯ ಗುಂಟ ಒಯ್ಯುವುದು. ಚಕ್ಕುಲಿಯನ್ನು ನೆನೆಯಬಹುದು. ಒರಳಿನ ನಕ್ಷತ್ರಾಕಾರದ ರಂಧ್ರವೇ ಆಕೃತಿ. ಎಣ್ಣೆಯ ಮೇಲೆ ಕೈ ಸುತ್ತುವ ಸುರುಳಿಯೇ ಹಾದಿ. ಬಗ್ಗಿದ ಕೊಳವೆ, ಕೊಡದ ಹಿಡಿ, ಸುರುಳಿಯ ಸ್ಪ್ರಿಂಗು ಈ ಜಾತಿಗೆ ಸೇರಿದುವು. ಹಾದಿಯ ತಿರುವು ಆಕೃತಿಯ ದಪ್ಪಕ್ಕಿಂತ ಇಕ್ಕಟ್ಟಾದರೆ ಗಣಕವು ನಿರಾಕರಿಸುತ್ತದೆ. ದಪ್ಪ ಚಕ್ಕುಲಿಯನ್ನು ಕಿರಿದಾಗಿ ಸುತ್ತಲಾಗದಷ್ಟೆ.

ನಾಲ್ಕನೆಯದು ಲಾಫ್ಟ್. ಎರಡು ಅಥವಾ ಹೆಚ್ಚು ಬೇರೆ ಬೇರೆ ಆಕೃತಿಗಳನ್ನು ಬೇರೆ ಬೇರೆ ಎತ್ತರದಲ್ಲಿರಿಸಿ, ಒಂದರಿಂದ ಇನ್ನೊಂದಕ್ಕೆ ನಯವಾಗಿ ಹೊದಿಸುವುದು ಇದರ ಲಕ್ಷಣ. ಹಿಟ್ಟಿನ ಗಿರಣಿಯ ಸುರಿಬಾಯಿ ಮೇಲೆ ಚೌಕವಾಗಿದ್ದು ಕೆಳಗೆ ದುಂಡಾಗಿ ಮುಗಿಯುವುದನ್ನು ನಮ್ಮ ದಾವಣಗೆರೆಯಲ್ಲಿ ಕಾಣದವರಾರು?

ಕೂಡುವುದು, ಕಳೆಯುವುದು, ಬದಲಿಸುವುದು

ಹೀಗೆ ಪಡೆದ ಘನಗಳನ್ನು ಪರಸ್ಪರ ಸಂಯೋಜಿಸುವ ಕ್ರಿಯೆಗಳು ಮೂರು: ಎರಡನ್ನೂ ಕೂಡಿಸಿ ಒಂದಾಗಿಸುವುದು, ಒಂದರಿಂದ ಇನ್ನೊಂದನ್ನು ಕಳೆಯುವುದು, ಎರಡಕ್ಕೂ ಸಾಮಾನ್ಯವಾದ ಭಾಗವನ್ನಷ್ಟೇ ಉಳಿಸುವುದು. ಚಿಂತನೆಯ ನಿಯಮಗಳನ್ನು ಬೀಜಗಣಿತವಾಗಿಸಿ 1854ರಲ್ಲಿ ಗ್ರಂಥ ಬರೆದ ಜಾರ್ಜ್ ಬೂಲ್ ಎಂಬ ಗಣಿತಜ್ಞನ ಹೆಸರಿನಿಂದ ಇವನ್ನು ಬೂಲಿಯನ್ ಕ್ರಿಯೆಗಳೆನ್ನುತ್ತಾರೆ.

ಕನ್ನಡ ಸಂಧಿಪ್ರಕರಣವನ್ನು ಪಾಠ ಹೇಳುವವನಿಗೆ ಇಲ್ಲಿ ಒಂದು ಹೋಲಿಕೆ ತಾನಾಗಿ ತೋರುತ್ತದೆ. ‘ಮನೆ’ ಮತ್ತು ‘ಅನ್ನು’ ಸೇರಿದಾಗ ಯಕಾರ ಬಂದು ‘ಮನೆಯನ್ನು’ ಆಗುವುದು ಆಗಮ. ‘ಊರು’ ಮತ್ತು ‘ಊರು’ ಸೇರಿದಾಗ ಉಕಾರ ಹೋಗಿ ‘ಊರೂರು’ ಆಗುವುದು ಲೋಪ. ‘ಮಳೆ’ ಮತ್ತು ‘ಕಾಲ’ ಸೇರಿದಾಗ ಕಕಾರಕ್ಕೆ ಗಕಾರ ಬಂದು ‘ಮಳೆಗಾಲ’ ಆಗುವುದು ಆದೇಶ. ಘನರಚನೆಯಲ್ಲಿಯೂ ಹೊಸ ಭಾಗವನ್ನು ಬೆಳೆಸುವುದು ಆಗಮ, ರಂಧ್ರ ಕೊರೆಯುವುದು ಲೋಪ. ಚೂಪಾದ ಅಂಚಿನ ಸ್ಥಾನದಲ್ಲಿ ದುಂಡಂಚನ್ನು ತರುವ ಫಿಲೆಟ್, ಓರೆಯಂಚನ್ನು ತರುವ ಚಾಂಫರ್, ಇವೆರಡೂ ಆದೇಶ. ಕೇಶಿರಾಜನ ಶಬ್ದಮಣಿದರ್ಪಣವು ಈ ಗುಡಿ ಎದ್ದ ಹದಿಮೂರನೆಯ ಶತಮಾನದ್ದೇ ಆಗಿರುವುದು ಕಾಕತಾಳೀಯವಾದರೂ, ಪಾಠ ಹೇಳುವಾಗ ಮಕ್ಕಳಿಗೆ ಸಂತೋಷ ಕೊಡುವ ಸಂಗತಿ.

ಇವುಗಳ ಜೊತೆಗೆ ಪುನರಾವರ್ತನೆಯ ಸಾಧನಗಳೂ ಉಂಟು. ಪ್ಯಾಟರ್ನ್ ಎಂಬುದು ಒಂದು ರಂಧ್ರವನ್ನು ಸಾಲಾಗಿಯೋ ವೃತ್ತಾಕಾರವಾಗಿಯೋ ಬೇಕಾದಷ್ಟು ಸಲ ಇಡುತ್ತದೆ. ಮಿರರ್ ಎಂಬುದು ಅರ್ಧವನ್ನು ಕನ್ನಡಿಯಲ್ಲಿ ಕಂಡಂತೆ ಇನ್ನೊಂದರ್ಧಕ್ಕೆ ತರುತ್ತದೆ. ಈ ಸಾಧನದ ಮಿತಿಯನ್ನೂ ಹರಿಹರದ ಮೂಲಮೂರ್ತಿಯೇ ಕಲಿಸುತ್ತದೆ. ಅರ್ಧ ಹರ, ಅರ್ಧ ಹರಿ. ದೇಹದ ತೋರಗೆರೆ ಎರಡು ಕಡೆಯೂ ಸಮವಾದರೂ ಆಯುಧ, ಕಿರೀಟ, ಆಭರಣಗಳು ಬೇರೆ. ಅಲ್ಲಿ ಕನ್ನಡಿಯ ಸಾಧನ ದೇಹಕ್ಕೆ ಸಲ್ಲುತ್ತದೆ, ಲಕ್ಷಣಗಳಿಗೆ ಸಲ್ಲದು. ಯಾವುದು ನಿಜವಾಗಿ ಸಮ, ಯಾವುದು ಸಮವೆಂಬಂತೆ ತೋರುವುದು ಎಂಬ ವಿವೇಚನೆ ಮೊದಲು ಬೇಕು.

ಒಂದು ಉದಾಹರಣೆ

ಕೊಳವೆಗಳನ್ನು ಜೋಡಿಸುವ ಫ್ಲಾಂಜ್ ಎಂಬ ಸಾಮಾನ್ಯ ಭಾಗವನ್ನು ರಚಿಸೋಣ. ಅಳತೆಗಳೆಲ್ಲ ಮಿಲಿಮೀಟರಿನಲ್ಲಿ. 120 ವ್ಯಾಸದ ವೃತ್ತವನ್ನು 12 ದಪ್ಪಕ್ಕೆ ಒತ್ತಿದರೆ ತಟ್ಟೆ. ಅದರ ಮೇಲೆ ಅದೇ ಕೇಂದ್ರದಲ್ಲಿ 60 ವ್ಯಾಸದ ವೃತ್ತವನ್ನು 30 ಎತ್ತರಕ್ಕೆ ಒತ್ತಿದರೆ ಕೊರಳು. ನಡುವೆ 40 ವ್ಯಾಸದ ರಂಧ್ರವನ್ನು ಕೆಳಗಿನವರೆಗೂ ಕಳೆಯಬೇಕು. ಕೇಂದ್ರದಿಂದ 45 ದೂರದಲ್ಲಿ 10 ವ್ಯಾಸದ ಒಂದು ಬೋಲ್ಟಿನ ರಂಧ್ರವನ್ನು ಕಳೆದು, ಅದನ್ನು ವೃತ್ತಾಕಾರದಲ್ಲಿ 6 ಬಾರಿ ಪುನರಾವರ್ತಿಸಬೇಕು. ಐದೇ ಹೆಜ್ಜೆ, ಭಾಗ ಮುಗಿಯಿತು.

ಇದರ ಘನಫಲವನ್ನು ಮಕ್ಕಳಿಂದ ಕಾಗದದ ಮೇಲೆ ಲೆಕ್ಕ ಮಾಡಿಸುವುದು ಹಿತ. ತಟ್ಟೆ ಮತ್ತು ಕೊರಳನ್ನು ಕೂಡಿ, ರಂಧ್ರಗಳನ್ನು ಕಳೆದರೆ 51,600 ಪೈ, ಎಂದರೆ ಸುಮಾರು 1,62,106 ಘನ ಮಿಲಿಮೀಟರು, ಅಥವಾ 162.1 ಘನ ಸೆಂಟಿಮೀಟರು. ಎರಕದ ಕಬ್ಬಿಣವು ಘನ ಸೆಂಟಿಮೀಟರಿಗೆ ಸುಮಾರು 7.2 ಗ್ರಾಂ ತೂಗುವುದರಿಂದ ಭಾಗದ ತೂಕ ಸುಮಾರು 1,167 ಗ್ರಾಂ. ಗಣಕವೂ ಇದನ್ನೇ ಹೇಳುತ್ತದೆ. ತನ್ನ ಲೆಕ್ಕವೂ ಯಂತ್ರದ ಲೆಕ್ಕವೂ ಒಂದಾದುದನ್ನು ಕಂಡ ಬಾಲಕನ ಮುಖದ ಹರ್ಷವನ್ನು ನೋಡಿದವರಿಗೆ, ಈ ವಿದ್ಯೆ ಗಣಿತದ ಶತ್ರುವಲ್ಲವೆಂಬುದು ಮನವರಿಕೆಯಾಗುತ್ತದೆ.

ಈಗ 6 ಎಂಬಲ್ಲಿ 8 ಎಂದು ಬರೆದರೆ ರಂಧ್ರಗಳ ನಡುವಣ ಕೋನ 60 ಅಂಶದಿಂದ 45 ಅಂಶಕ್ಕೆ ತಾನಾಗಿ ಇಳಿಯುತ್ತದೆ. ಕಾರಣ, ಗಣಕವು ಕಾಪಿಟ್ಟಿರುವುದು ಮುಗಿದ ರೂಪವನ್ನಷ್ಟೇ ಅಲ್ಲ, ಆ ರೂಪ ಹುಟ್ಟಿದ ವಿಧಾನವನ್ನು. ಒಂದನೆಯ ಹೆಜ್ಜೆ, ಎರಡನೆಯ ಹೆಜ್ಜೆ ಎಂದು ಕ್ರಮವಾಗಿ ಬರೆದ ಪಟ್ಟಿ ತೆರೆಯ ಎಡಗಡೆ ಸದಾ ಇರುತ್ತದೆ. ಯಾವ ಹೆಜ್ಜೆಗೆ ಹಿಂದಿರುಗಿ ತಿದ್ದಿದರೂ ಮುಂದಿನವೆಲ್ಲ ಮತ್ತೆ ನಡೆಯುತ್ತವೆ. ವೈಯಾಕರಣನು ಪದಗಳನ್ನೆಲ್ಲ ಪಟ್ಟಿ ಮಾಡದೆ, ಪದಗಳನ್ನು ಸಾಧಿಸುವ ಸೂತ್ರಗಳನ್ನು ಕೊಡುವಂತೆಯೇ ಇದೂ.

ಕ್ರಮಭಂಗದ ಫಲ

ಸೂತ್ರಗಳು ಇದ್ದರೆ ಸಾಲದು. ಅವುಗಳ ಪ್ರವೃತ್ತಿಗೆ ಕ್ರಮವಿರಬೇಕು. ಪಾಣಿನಿಯ ಅಷ್ಟಾಧ್ಯಾಯಿಯ ಕೊನೆಯ ಮೂರು ಪಾದಗಳಲ್ಲಿ ಹಿಂದಿನ ಸೂತ್ರಕ್ಕೆ ಮುಂದಿನದು ಕಾಣದಂತೆಯೇ ಎಂಬ ವ್ಯವಸ್ಥೆ ಇರುವುದನ್ನು ನಾನು ಎಷ್ಟೋ ಸಲ ಪಾಠ ಹೇಳಿದ್ದೇನೆ. ಆದರೂ ಗಣಕದ ಮುಂದೆ ನಾನೇ ಎಡವಿದೆ.

ಸೀಸಕಡ್ಡಿ ಇಡುವ ಒಂದು ಪೆಟ್ಟಿಗೆ ಮಾಡಬೇಕೆಂದು ಹೊರಟೆ. ಇಟ್ಟಿಗೆಯಂಥ ಘನವನ್ನು ಒತ್ತಿ, ಶೆಲ್ ಎಂಬ ಸಾಧನದಿಂದ ಮೇಲ್ಮುಖವನ್ನು ತೆರೆದು, 3 ಮಿಲಿಮೀಟರು ದಪ್ಪದ ಗೋಡೆ ಉಳಿಯುವಂತೆ ಒಳಗನ್ನು ಟೊಳ್ಳು ಮಾಡಿದೆ. ಆ ಮೇಲೆ ಹೊರಗಿನ ನಿಲುವಂಚುಗಳು ಕೈಗೆ ಹಿತವಾಗಲೆಂದು 11 ಮಿಲಿಮೀಟರು ತ್ರಿಜ್ಯದ ಫಿಲೆಟ್ ಕೊಟ್ಟೆ. ತೆರೆಯ ಮೇಲೆ ಪೆಟ್ಟಿಗೆಯ ನಾಲ್ಕು ಮೂಲೆಗಳೂ ಸೀಳಿದ್ದುವು. ಗಣಕವೇ ಕೆಟ್ಟಿತೆಂದು ತಿಳಿದು ಎರಡು ದಿನ ಬಿಟ್ಟು ಕುಳಿತೆ. ಆಮೇಲೆ ಗಣಿತದ ಉಪಾಧ್ಯಾಯರು ಕಾಗದದ ಮೇಲೆ ತೋರಿಸಿಕೊಟ್ಟರು: ಹೊರಮೂಲೆಯಿಂದ ಒಳಮೂಲೆಗೆ ಕರ್ಣದ ದೂರ 3ರ 1.414 ಪಟ್ಟು, ಎಂದರೆ ಸುಮಾರು 4.24 ಮಿಲಿಮೀಟರು. 11ರ ದುಂಡು ಹೊರಮೂಲೆಯಿಂದ ಕರ್ಣದ ಗುಂಟ ತಿನ್ನುವುದು 11ರ 0.414 ಪಟ್ಟು, ಎಂದರೆ ಸುಮಾರು 4.56. ಇರುವುದಕ್ಕಿಂತ ಹೆಚ್ಚು ತಿಂದರೆ ಗೋಡೆ ಉಳಿಯುವುದೆಂತು? ಮೊದಲು ಅಂಚನ್ನು ದುಂಡಾಗಿಸಿ ಆಮೇಲೆ ಟೊಳ್ಳು ಮಾಡಿದ್ದರೆ, ಒಳಮೂಲೆಯೂ 8 ಮಿಲಿಮೀಟರಿನ ದುಂಡಾಗಿ, ಗೋಡೆ ಎಲ್ಲೆಡೆಯೂ 3 ಆಗಿ ನಿಲ್ಲುತ್ತಿತ್ತು. ಹೆಜ್ಜೆಗಳು ಅವೇ ಎರಡು. ಹಿಂದುಮುಂದಾದುದರಿಂದ ಫಲ ಬೇರೆಯಾಯಿತು. ಈ ಒಂದು ತಪ್ಪು ನನಗೆ ಕಲಿಸಿದಷ್ಟನ್ನು ಯಾವ ಕೈಪಿಡಿಯೂ ಕಲಿಸಲಿಲ್ಲ.

ಹೆಸರಿನ ವಿಷಯದಲ್ಲಿಯೂ ಒಂದು ಎಚ್ಚರಿಕೆ ಹೇಳಬೇಕು. ಗಣಕವು ವಸ್ತುವಿನ ಮುಖಗಳಿಗೆ ಮುಖ 1, ಮುಖ 2 ಎಂದು ತಾನೇ ಸಂಜ್ಞೆಗಳನ್ನಿಡುತ್ತದೆ. ಮುಖ 6ರ ಮೇಲೆ ರಂಧ್ರವೆಂದು ನಾವು ವಿಧಿಸಿದ ಮೇಲೆ, ಹಿಂದಿನ ಹೆಜ್ಜೆಯೊಂದನ್ನು ತಿದ್ದಿದಾಗ ಸಂಜ್ಞೆಗಳು ಅದಲುಬದಲಾಗಿ ರಂಧ್ರವು ಬೇರೊಂದು ಮುಖಕ್ಕೆ ಹೋಗಿ ಕೂಡುವುದುಂಟು. 2024ರ ನವೆಂಬರಿನಲ್ಲಿ ಬಂದ ಫ್ರೀಕ್ಯಾಡ್‌ನ 1.0 ಆವೃತ್ತಿಯಲ್ಲಿ ಈ ತೊಡಕನ್ನು ಬಹುಮಟ್ಟಿಗೆ ತಗ್ಗಿಸಿದ್ದಾರೆ. ಆದರೂ ಹುಟ್ಟಿ ಅಳಿಯುವ ಮುಖಗಳನ್ನು ನಂಬದೆ, ಎಂದೂ ಅಲುಗದ ಮೂಲ ಸಮತಲಗಳನ್ನು ಆಶ್ರಯಿಸಿ ರೇಖಾಕೃತಿ ಬರೆಯುವುದು ಲೇಸು.

ಲೋಹ ಒಪ್ಪದ ರೂಪ

ಇಷ್ಟನ್ನು ಕಲಿತು, ನಾವೂ ಮಕ್ಕಳೂ ಸಾಕಷ್ಟು ಬೀಗುತ್ತಿದ್ದಾಗ ನಡೆದ ಒಂದು ಪ್ರಸಂಗವನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇನೆ. ಹರಿಹರದ ಕಾರ್ಖಾನೆಯಲ್ಲಿ ಲೇತ್ ಮುಂದೆ ಮೂವತ್ತು ವರ್ಷ ನಿಂತು ದುಡಿದ, ಈಗ ಎಪ್ಪತ್ತು ದಾಟಿದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಮೊಮ್ಮಗನನ್ನು ಕರೆದೊಯ್ಯಲು ಬಂದವರು ತರಗತಿಯ ಬಾಗಿಲಲ್ಲಿ ನಿಂತರು. ಒಬ್ಬ ಹುಡುಗನು ಉಕ್ಕಿನ ಗಟ್ಟಿಯಲ್ಲಿ ಚೌಕವಾದ ಆಳದ ಗುಳಿಯನ್ನು ಕಳೆದು, ಅದರ ಒಳಮೂಲೆಗಳನ್ನು ಚೂಪಾಗಿ ಬಿಟ್ಟಿದ್ದನು. ತೆರೆಯ ಮೇಲೆ ಅದು ಬಹು ಅಂದವಾಗಿತ್ತು. ಅವರು ಬಗ್ಗಿ ನೋಡಿ ಮೆಲ್ಲನೆ ಕೇಳಿದರು: “ಈ ಮೂಲೆಯೊಳಕ್ಕೆ ಯಾವ ಉಳಿ ಹೋಗ್ತದಪ್ಪ?”

ಹುಡುಗನಿಗೆ ಉತ್ತರ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅವರೇ ವಿವರಿಸಿದರು. ಗುಳಿ ತೆಗೆಯುವ ಮಿಲ್ಲಿಂಗ್ ಉಳಿ ದುಂಡಾಗಿ ತಿರುಗುವಂಥದು. ಅದರ ವ್ಯಾಸ 10 ಮಿಲಿಮೀಟರಾದರೆ ಒಳಮೂಲೆಯಲ್ಲಿ ಕನಿಷ್ಠ 5 ಮಿಲಿಮೀಟರಿನ ದುಂಡು ಉಳಿದೇ ತೀರುತ್ತದೆ. ಚೂಪು ಮೂಲೆ ಬೇಕೇ ಬೇಕೆಂದರೆ ಬೇರೆ ವಿಧಾನ, ಬೇರೆ ವೆಚ್ಚ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು: “ಇದನ್ನು ಕಡೆಯುವಾಗ ಹಿಡಿಯೋದು ಎಲ್ಲಿ?” ಮೊದಲು ಯಾವ ಮುಖವನ್ನು ಸಮಮಾಡಿ, ಅದನ್ನೇ ಆಧಾರವಾಗಿಟ್ಟುಕೊಂಡು ಉಳಿದುದನ್ನು ಅಳೆಯಬೇಕೆಂಬ ಕ್ರಮ ಅವರ ಕೈಯಲ್ಲಿತ್ತು. ನಾನು ಗಣಕದ ಪಟ್ಟಿಯಲ್ಲಿ ಕಂಡು ಬೆರಗಾದ ಹೆಜ್ಜೆಗಳ ವ್ಯಾಕರಣವನ್ನು ಅವರು ಮೂವತ್ತು ವರ್ಷ ಬಾಳಿದ್ದರು. ಯಾರೂ ಅದನ್ನು ಬರೆದಿಡಲಿಲ್ಲ.

ಆ ಕಾರ್ಖಾನೆ ಶತಮಾನದ ತಿರುವಿನಲ್ಲಿ ಮುಚ್ಚಿತು. ಅಲ್ಲಿ ನುರಿತ ಕೈಗಳಿಗೆ ಈಗ ವಯಸ್ಸಾಗಿದೆ. ದಾವಣಗೆರೆಯಲ್ಲಿ 1951ರಷ್ಟು ಹಿಂದೆಯೇ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜೂ, 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಮತ್ತು ತಂತ್ರಜ್ಞಾನ ಸಂಸ್ಥೆಯೂ ಆರಂಭವಾಗಿ, ನಮ್ಮ ಮಕ್ಕಳಿಗೆ ಉನ್ನತ ಶಿಕ್ಷಣದ ಕೊರತೆಯಿಲ್ಲ. ಮೂರು ಆಯಾಮದ ಮುದ್ರಣಯಂತ್ರವು 0.2 ಮಿಲಿಮೀಟರಿನ ಪದರದ ಮೇಲೆ ಪದರವಿಟ್ಟು, 40 ಮಿಲಿಮೀಟರು ಎತ್ತರದ ಪೆಟ್ಟಿಗೆಯನ್ನು 200 ಪದರಗಳಲ್ಲಿ ಕಟ್ಟಿಕೊಡುತ್ತದೆ. ಸಾಧನಗಳು ಬಂದಿವೆ, ಇನ್ನೂ ಬರುತ್ತವೆ. ಆದರೆ ತೆರೆಯು ಯಾವ ರೂಪವನ್ನೂ ಒಪ್ಪುತ್ತದೆ, ಲೋಹ ಒಪ್ಪುವುದಿಲ್ಲ; ಈ ಎರಡರ ನಡುವಣ ವಿವೇಕವು ಯಂತ್ರದೊಡನೆ ಬರುವಂಥದಲ್ಲ. ಅದು ಬಲ್ಲವರ ಬಾಯಿಂದ, ಕೇಳುವವರ ನುಡಿಯಲ್ಲಿ ಬರಬೇಕು.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಮಗುವು ಗುಂಡಿಯನ್ನು ಒತ್ತುವ ಮುನ್ನ, ಏನು ಮಾಡುವೆ, ಯಾವ ಕ್ರಮದಲ್ಲಿ ಮಾಡುವೆ, ಏಕೆ ಮಾಡುವೆ ಎಂಬ ಮೂರನ್ನು ತನ್ನ ಮಾತಿನಲ್ಲಿ ಹೇಳಿಸಿರಿ. ಹೇಳಲಾರದ್ದನ್ನು ಅದು ರಚಿಸಲಾರದು, ರಚಿಸಿದರೂ ತಿದ್ದಲಾರದು. ಹರಿಹರ ದಾವಣಗೆರೆಗಳ ಕಾರ್ಯಾಗಾರಗಳಲ್ಲಿ ಕೈ ಪಳಗಿಸಿದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಪ್ರಾರ್ಥನೆ: ಶನಿವಾರದ ಮಧ್ಯಾಹ್ನ ಒಂದು ಗಂಟೆ ಬಿಡುವು ಮಾಡಿಕೊಂಡು ಬಂದು, ಮಕ್ಕಳ ಬೆನ್ನ ಹಿಂದೆ ನಿಂತು ಪ್ರಶ್ನೆ ಕೇಳಿರಿ. ಪೋಷಕರು ಕೊಡುವ ಯಂತ್ರಗಳಿಗೆ ಆ ಪ್ರಶ್ನೆಗಳೇ ಸಾರ್ಥಕ್ಯ.

ಪದಕೋಶದಲ್ಲಿ ಈಗ ತೊಂಬತ್ತಾರು ಪದಗಳಿವೆ. ಹೆಚ್ಚಿನವು ನನ್ನವಲ್ಲ, ಅಡಿಗೆಮನೆಯವು ಮತ್ತು ಕಾರ್ಯಾಗಾರದವು. ಉಳಿದ ನಾಲ್ಕಕ್ಕೆ ಇನ್ನೂ ಜಾಗ ಬಿಟ್ಟಿದ್ದೇನೆ. ಪ್ರತಿಯು ಉಪಾಧ್ಯಾಯರ ಕೊಠಡಿಯ ಮೇಜಿನ ಮೇಲಿದೆ. ಬಲ್ಲವರು ತಿದ್ದಬೇಕಾಗಿ ವಿನಂತಿ.